ಹೊಗೆ ಬಾರದ ಮದ್ದು

ನಮ್ಮೂರಲ್ಲಿ ಬಿ.ಎಸ್ಸಿ. ಪಾಸಾದ ಮೊದಲ ಮೂರ್ಖ ನಾನೇ. ತಮಾಷೆಗೆ ಹೇಳುತ್ತಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ಓದು ಮುಗಿಸಿ, ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿ, ಕತ್ತಲಗೆರೆ ಹತ್ತಿರದ ನಮ್ಮ ಹಳ್ಳಿಗೆ ವಾಪಸಾದಾಗ ನನಗೆ ಗೊತ್ತಿಲ್ಲದ್ದು ಲೋಕದಲ್ಲಿ ಏನೂ ಉಳಿದಿಲ್ಲ ಎಂದೇ ನಂಬಿದ್ದೆ.

ಮನೆಯಲ್ಲಿ ತಾತನ ಕಾಲದ ಲೈಸೆನ್ಸ್ ಬಂದೂಕು ಇತ್ತು. ವಿಜಯದಶಮಿಯ ಸಂಜೆ ಬನ್ನಿಮರದ ಮುಂದೆ ಬಾಳೆಕಂದು ನೆಟ್ಟು ಅಂಬಿನಿಂದ ಹೊಡೆಯುವುದು ಸುತ್ತಲಿನ ಪದ್ಧತಿ. ನಮ್ಮೂರಲ್ಲಿ ಅಂಬಿನ ಬದಲು ಅಪ್ಪ ಬಂದೂಕು ಹಾರಿಸುತ್ತಿದ್ದರು. ಹಾರಿಸಿದ ಕೂಡಲೇ ಕರಿ ಮದ್ದಿನ ಹೊಗೆ ಅವರನ್ನು ಮುಚ್ಚಿಬಿಡುತ್ತಿತ್ತು. ಹಿಂದಿನ ವರ್ಷ ಬಿಳಿ ರುಮಾಲೆಲ್ಲ ಮಸಿಯಾಗಿ ಅಪ್ಪ ಕೆಮ್ಮುತ್ತ ಹೊಗೆಯಿಂದ ಈಚೆ ಬಂದಾಗ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕಿದ್ದರು. ಅಪ್ಪನೂ ನಕ್ಕಿದ್ದರು. ಅವಮಾನವಾದದ್ದು ನನಗೊಬ್ಬನಿಗೆ.

ಖಾಲಿಯಾದ ಹಿತ್ತಾಳೆ ಕಾಡತೂಸುಗಳಿಗೆ ಪ್ರತಿವರ್ಷ ಹೊಸದಾಗಿ ಮದ್ದು ತುಂಬಿಕೊಡುತ್ತಿದ್ದವರು ಚನ್ನಗಿರಿಯ ಒಬ್ಬ ಸಾಬರು. ಬಂದೂಕು ರಿಪೇರಿಯ ಲೈಸೆನ್ಸ್ ಇದ್ದ ಪುಟ್ಟ ಅಂಗಡಿ ಅವರದು. ಆ ವರ್ಷ ನಾನು ದಾವಣಗೆರೆಯಿಂದ ಹೊಗೆ ಬಾರದ ಮದ್ದಿನ ಡಬ್ಬಿಯೊಂದನ್ನು ತಂದು ಅವರ ಮುಂದಿಟ್ಟೆ. ಪರದೇಶದ ಡಬ್ಬಿ, ಮೈತುಂಬ ಇಂಗ್ಲಿಷು. ಸಾಬರು ಒಂದು ಚಿಟಿಕೆಯನ್ನು ಅಂಗೈಗೆ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿ, ಜೋಪಾನವಾಗಿ ವಾಪಸು ಡಬ್ಬಿಗೇ ಸುರಿದರು.

"ಸಣ್ಣಗೌಡ್ರೇ, ಇದು ಒಳ್ಳೆ ಮಾಲೇ. ಆದ್ರೆ ನಿಮ್ಮ ಬಂದೂಕಿಗಲ್ಲ. ಅದು ಕರಿ ಮದ್ದು ತಿಂದು ಬೆಳೆದಿದ್ದು. ಇದರ ಜೋರು ತಡೆಯಾಕೆ ಆ ನಳಿಗೆಗೆ ಆಗಂಗಿಲ್ಲ. ನಾನಂತೂ ತುಂಬಂಗಿಲ್ಲ."

"ಹೊರಗೆ ಸುಟ್ಟು ನೋಡಿದೀನಿ ಸಾಬ್ರೇ. ಕರಿ ಮದ್ದಿಗಿಂತ ನಿಧಾನ ಉರಿಯುತ್ತೆ," ಎಂದೆ.

"ಅದೇ ಮೋಸ ನೋಡ್ರಿ. ಹೊರಗೆ ಸಾಧು, ಒಳಗೆ ಕಟ್ಟಿ ಹಾಕಿದ್ರೆ ರಾಕ್ಷಸ. ನಿಮ್ಮ ತಾತನ ಅಳತೇಲಿ ಮಾತ್ರ ಇದನ್ನ ಅಳೀಬ್ಯಾಡ್ರಿ. ಕರಿ ಮದ್ದೇ ತುಂಬಿ ಕೊಡತೀನಿ, ಕುಂದ್ರಿ."

ನಾನು ಕೂರಲಿಲ್ಲ. ಇಂಗ್ಲಿಷ್ ಓದಲು ಬಾರದವರು ಡಬ್ಬಿಯ ಬಗ್ಗೆ ನನಗೆ ಪಾಠ ಹೇಳುವುದೇ ಎಂದು ಮೂಗು ಮುರಿದೆ. ತಮ್ಮ ವ್ಯಾಪಾರ ತಪ್ಪುತ್ತದೆಂದು ಹೆದರಿಸುತ್ತಿದ್ದಾರೆ ಎಂದೂ ಅನ್ನಿಸಿತು. ಖಾಲಿ ಕಾಡತೂಸುಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಬಂದೆ. ಮನೆಯಲ್ಲಿ ತಾತ ಕರಿ ಮದ್ದು ಅಳೆಯುತ್ತಿದ್ದ ಬೆರಳುದ್ದದ ಹಿತ್ತಾಳೆ ಅಳತೆ ಇತ್ತು. ನಿಧಾನ ಉರಿಯುವ ಮದ್ದಿಗೆ ಶಕ್ತಿ ಕಡಿಮೆ ಎಂದು ತೀರ್ಮಾನಿಸಿ ಆ ಅಳತೆಯನ್ನು ಕಂಠಮಟ್ಟ ತುಂಬಿ ಕಾಡತೂಸುಗಳಿಗೆ ಸುರಿದೆ. ತೂಕ ಮಾಡಿ ಹಾಕಬೇಕೆಂದು ಡಬ್ಬಿಯ ಮೇಲೆ ಇದ್ದದ್ದನ್ನು ಓದಿದ್ದೆ. ಓದಿಯೂ ಅಳತೆಯಲ್ಲೇ ಹಾಕಿದೆ. ನಾನು ತುಂಬುವುದನ್ನು ನೋಡುತ್ತಿದ್ದ ಅಪ್ಪ "ಸಾಬ್ರು ಏನಂದ್ರು?" ಎಂದು ಕೇಳಿದರು. "ಏನೂ ಇಲ್ಲ, ಒಳ್ಳೆ ಮಾಲು ಅಂದ್ರು," ಎಂದೆ.

ಹಬ್ಬದ ದಿನ ಹೊಗೆ ಬರಲಿಲ್ಲ. ಬಂದೂಕಿನ ನಳಿಗೆ ಬುಡದಲ್ಲಿ ಸೀಳಿಹೋಯಿತು. ಬಾಳೆಕಂದು ನೆಟ್ಟಗೆ ನಿಂತೇ ಇತ್ತು. ಅಪ್ಪ ಎಡಗೈಯನ್ನು ಎದೆಗೆ ಅವುಚಿಕೊಂಡು ನೆಲಕ್ಕೆ ಕೂತರು. ಮೂರು ಬೆರಳು ಹೋಗಿದ್ದವು. ಅವರ ರುಮಾಲು ಬಿಚ್ಚಿ ಕೈಗೆ ಸುತ್ತುವಾಗ ಗಂಟು ಮತ್ತೆ ಮತ್ತೆ ಜಾರಿತು, ಕೊನೆಗೆ ಅಪ್ಪನೇ ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದುಕೊಂಡರು.

ಮರುದಿನ ಸುದ್ದಿ ಕೇಳಿ ಸಾಬರು ಮೋಸಂಬಿ ಹಿಡಿದು ಆಸ್ಪತ್ರೆಗೆ ಬಂದರು. ಅವರು ಮಂಚದ ಪಕ್ಕ ನಿಂತಿದ್ದಾಗಲೇ ವಿಚಾರಣೆಗೆ ಸಬ್‌ಇನ್ಸ್‌ಪೆಕ್ಟರೂ ಬಂದರು. ಕಾಡತೂಸು ಯಾರು ತುಂಬಿದ್ದು ಎಂಬ ಒಂದೇ ಪ್ರಶ್ನೆ. ಅಪ್ಪ ಕಣ್ಣು ಮುಚ್ಚಿಕೊಂಡೇ, "ಪ್ರತಿವರ್ಷದಂಗೆ ಸಾಬ್ರೇ ತುಂಬಿಕೊಟ್ಟಿದ್ದು," ಎಂದರು.

"ಹೌದೇನ್ರಿ?" ಎಂದು ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು.

"ಹೌದು ಸಾರ್."

ಸಾಬರು ಕೂಗಾಡಲಿಲ್ಲ. "ಸಣ್ಣಗೌಡ್ರೇ, ನನ್ನ ಮುಖ ನೋಡಿ ಹೇಳ್ರಿ," ಎಂದರು. ನಾನು ನೆಲ ನೋಡುತ್ತ ಇನ್ನೊಂದು ಸಲ ಹೌದು ಎಂದೆ. ನನ್ನನ್ನು ಅವರ ಅಂಗಡಿಯಲ್ಲಿ ಕಂಡವರು ಪೇಟೆಯಲ್ಲಿ ಬೇಕಾದಷ್ಟು ಜನರಿದ್ದರು. ಖಾಲಿ ಕಾಡತೂಸು ಹೊತ್ತು ವಾಪಸಾದದ್ದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಂಬಲು ಯಾರಿಗೂ ಕಷ್ಟವಾಗಲಿಲ್ಲ. ಸಾಬರಲ್ಲವೇ ಎಂದು ಕೆಲವರು ಅಂದದ್ದನ್ನೂ ಕೇಳಿದೆ. ಕೇಳಿ ಸುಮ್ಮನಿದ್ದೆ.

"ನಿನ್ನ ಆರ್ಡರ್ ಬರಾಕೆ ಪೊಲೀಸ್ ರಿಪೋರ್ಟ್ ಬೇಕು," ಎಂದರು ಅಪ್ಪ, ಎಲ್ಲರೂ ಹೋದ ಮೇಲೆ. "ಅವರಿಗೇನಾಗತೈತೆ, ನಾಕು ದಿನ ಅಂಗಡಿ ಮುಚ್ಚತಾರೆ."

ನಾಲ್ಕು ದಿನವಲ್ಲ. ಲೈಸೆನ್ಸ್ ರದ್ದಾಯಿತು, ಅಂಗಡಿಗೆ ಬೀಗ ಬಿತ್ತು, ಸಾಬರು ಸಂಸಾರ ಸಮೇತ ಚನ್ನಗಿರಿ ಬಿಟ್ಟರು. ನನ್ನ ಆರ್ಡರ್ ಬಂತು, ಮೊದಲು ಹೊನ್ನಾಳಿಗೆ. ವಿಜ್ಞಾನದ ಮೇಷ್ಟ್ರು! ಡಬ್ಬಿಯ ಮೇಲಿನ ಒಂದು ಸಾಲು ಪಾಲಿಸಲಾರದವನು ಮಕ್ಕಳಿಗೆ ಪ್ರಯೋಗದ ಎಚ್ಚರಿಕೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಅಪ್ಪ ಆಮೇಲೆ ಬನ್ನಿಮರದ ಕಡೆ ಹೋಗಲಿಲ್ಲ. ರಜೆಗೆ ಊರಿಗೆ ಹೋದಾಗ ನಾವಿಬ್ಬರೂ ಮಳೆ, ಬೆಳೆ, ಆರೋಗ್ಯ ಮಾತಾಡುತ್ತಿದ್ದೆವು. ಅವರು ಉಳಿದ ಎರಡು ಬೆರಳಲ್ಲಿ ತಟ್ಟೆ ಹಿಡಿದು ಉಣ್ಣುವುದನ್ನು ನೋಡಲಾರದೆ ನಾನು ಬೇಗ ಎದ್ದುಬಿಡುತ್ತಿದ್ದೆ.

ಎಂಬತ್ತರ ದಶಕದಲ್ಲಿ ಜಗಳೂರಿಗೆ ವರ್ಗವಾಯಿತು. ಕೆಟ್ಟ ಸೀಮೆಎಣ್ಣೆ ಸ್ಟವ್ ಹಿಡಿದು ಬಸ್‌ಸ್ಟ್ಯಾಂಡಿನ ಹಿಂದಿನ ರಿಪೇರಿ ಅಂಗಡಿಗೆ ಹೋದೆ. ತಗಡಿನ ನೆರಳಲ್ಲಿ ಗೋಣಿಚೀಲದ ಮೇಲೆ ಕೂತಿದ್ದವರು ಸಾಬರೇ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಒಂದು ಕಾಲಕ್ಕೆ ಬಂದೂಕಿನ ಸೂಕ್ಷ್ಮವಾದ ಸ್ಪ್ರಿಂಗು ಕೂರಿಸುತ್ತಿದ್ದ ಕೈ ಸ್ಟವ್ವಿನ ಪಿನ್ನು ಹಾಕುತ್ತಿತ್ತು. ತಲೆ ಎತ್ತಿ ನೋಡಿದರು, ಗುರುತು ಹಿಡಿದರು.

"ಅಪ್ಪಾರ ಕೈ ಹೆಂಗೈತೆ?" ಎಂದರು.

"ಪರವಾಗಿಲ್ಲ. ಸಾಬ್ರೇ, ಆವತ್ತು ಆಸ್ಪತ್ರೇಲಿ ನಾನು..."

"ಬ್ಯಾಡ್ರಿ." ದನಿ ಏರಿರಲಿಲ್ಲ. "ನೀವು ತಪ್ಪಾತು ಅಂದ್ರೆ ನಾನು ಇರಲಿ ಬಿಡ್ರಿ ಅನ್ನಬೇಕಾಗತೈತೆ. ನನಗೆ ಹಂಗನ್ನಾಕೆ ಮನಸಿಲ್ಲ."

ನನ್ನ ಕೈಯಿಂದ ಸ್ಟವ್ ತೆಗೆದುಕೊಂಡು ಉಳಿದವುಗಳ ಸಾಲಿಗೆ ಇಟ್ಟರು. ಗುರುವಾರ ಬರ್ರಿ ಎಂದರು.

ಗುರುವಾರ ನಾನು ಹೆಂಡತಿಯನ್ನು ಕಳಿಸಿದೆ.