ಎಲ್ಲಿಗೆ ಎಂದು ಕೇಳಬಾರದು

ಮನೆಯಿಂದ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು. ನಮ್ಮ ಗದಗ-ಬೆಟಗೇರಿ ಕಡೆ ಇದು ಕೂಸಿಗೂ ಗೊತ್ತು. ಕೇಳಿದರೆ ಹೊರಟ ಕೆಲಸ ಕೆಡುತ್ತದೆ. ಹೊರಟವರು ಒಳಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ತಡೆಯಲಾರದಿದ್ದರೆ ‘ದೂರ ಹೊಂಟ್ರೀ?’ ಎಂದು ಸುತ್ತಿ ಬಳಸಿ ಕೇಳಬಹುದು. ಇದೆಲ್ಲ ನನಗೂ ಗೊತ್ತು. ಆದರೆ ಗೊತ್ತಿರುವುದು ಬೇರೆ, ಬಾಯಿ ಬಿಗಿಹಿಡಿದು ನಿಲ್ಲುವುದು ಬೇರೆ. ನಾನು ಹುಟ್ಟಾ ಚಿಂತೆಯವಳು. ಕುಕ್ಕರ್ ಸೀಟಿ ಹೊಡೆದರೆ ಗಾಬರಿ, ಹೊಡೆಯದಿದ್ದರೆ ಇನ್ನೂ ಗಾಬರಿ. ಅಂಥವಳಿಗೆ ದೇವರು ಎಂಥ ಮಾವನನ್ನು ಕೊಟ್ಟ ನೋಡಿ.

ಮಾವನವರು ಯಳವತ್ತಿಯಲ್ಲಿ ಒಕ್ಕಲುತನ ಮಾಡಿದವರು. ಎಂಬತ್ತು ದಾಟಿದ ಮೇಲೆ ಬೆಟಗೇರಿಯ ನಮ್ಮ ಮನೆಗೆ ಬಂದರು. ಮಗ-ಸೊಸೆ ನೋಡಿಕೊಳ್ಳಲಿ ಎಂದಲ್ಲ. ‘ಇಲ್ಲಿಂದ ಬಸ್ಸು ಭಾಳ ಅದಾವ’ ಎಂದು. ಜೀವಮಾನದಲ್ಲಿ ಅವರು ಇನ್ನೊಬ್ಬರ ಗೆರೆಯ ಮೇಲೆ ನಡೆದದ್ದೇ ಇಲ್ಲ. ಹೆಣ್ಣುಮಕ್ಕಳು ಬಾಯಿ ತೆರೆಯುವ ಮೊದಲೇ ಅವರ ಪಾಲಿನ ಹೊಲ ಬರೆದುಕೊಟ್ಟರು. ‘ಹಿಂಗ ಮಾಡಿದ್ರ ಹೆಂಗ್ರಿ?’ ಎಂದ ಬಳಗದವರಿಗೆ ‘ಹಿಂಗ’ ಎಂದಷ್ಟೇ ಹೇಳಿ ಎದ್ದರು. ರಾಹುಕಾಲದಲ್ಲೇ ಬಿತ್ತಲು ಹೊರಡುತ್ತಿದ್ದರು. ‘ಮಳಿ ಏನು ಪಂಚಾಂಗ ನೋಡಿ ಬರ್ತೈತೇನು?’ ಎನ್ನುವರು. ಅತ್ತೆ ತೀರಿಕೊಂಡ ಮೇಲೆ, ಎಪ್ಪತ್ತರ ವಯಸ್ಸಿನಲ್ಲಿ, ಜೋಳದ ರೊಟ್ಟಿ ಬಡಿಯಲು ಕಲಿತರು. ರೊಟ್ಟಿಗೆ ಮೂರು ಮೂಲೆ ಇರುತ್ತಿದ್ದವು, ಆದರೆ ಹದವಾಗಿ ಬೆಂದಿರುತ್ತಿತ್ತು. ಇಂಥವರು ಗಟ್ಟಿಯಾಗಿ ಹಿಡಿದುಕೊಂಡ ನಂಬಿಕೆ ಒಂದೇ ಒಂದು: ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು.

ಈ ಪದ್ಧತಿಯ ಮೂಲದ ಬಗ್ಗೆ ನಾನು ಸಾಕಷ್ಟು ತಲೆ ಕೆಡಿಸಿಕೊಂಡಿದ್ದೇನೆ. ಕಳ್ಳಕಾಕರ ಭಯಕ್ಕೆ ಹುಟ್ಟಿದ್ದು ಎನ್ನುವವರಿದ್ದಾರೆ. ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಗಳು ಯಾವ ಸಂತೆಗೆ ಹೊರಟೆವೆಂದು ಪಕ್ಕದ ಅಂಗಡಿಗೆ ತಿಳಿಯಬಾರದೆಂದು ಮಾಡಿದ್ದು ಎನ್ನುವವರೂ ಇದ್ದಾರೆ. ನನ್ನ ಪ್ರಕಾರ, ನಮ್ಮ ಮಾವನವರಂಥ ಯಾವನೋ ಪೂರ್ವಿಕ ನನ್ನಂಥ ಸೊಸೆಯಿಂದ ತಪ್ಪಿಸಿಕೊಳ್ಳಲು ಹೂಡಿದ ಆಟ. ‘ಕೇಳೂ ಹಕ್ಕು ಕಂಡಕ್ಟರಗಷ್ಟ ಐತವಾ, ಅವ ಕರಕೊಂಡು ಹೋಗಿ ಮುಟ್ಟಸ್ತಾನ’ ಎಂದು ಮಾವನವರೇ ಒಮ್ಮೆ ನಕ್ಕಿದ್ದರು.

ವಾರಕ್ಕೆರಡು ಬೆಳಿಗ್ಗೆ ಪಟ್ಟೆಪಟ್ಟೆಯ ಕೈಚೀಲಕ್ಕೆ ಇಬ್ಬರಿಗಾಗುವಷ್ಟು ಬುತ್ತಿ ಕಟ್ಟಿಕೊಂಡು ‘ಹೋಗಿ ಬರ್ತೇನವಾ’ ಎಂದು ಹೊರಟರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಕೊಡಿಸಿದ ಮೊಬೈಲು ಗೋಡೆಯ ಗೂಡಿನಲ್ಲೇ ಕೂತು ಅವರ ಬದಲು ನನ್ನ ಕರೆ ಸ್ವೀಕರಿಸುತ್ತಿತ್ತು. ನಾನು ಪತ್ತೇದಾರಳಾದೆ. ಬಾಗಿಲಲ್ಲಿ ಬಿಟ್ಟ ಚಪ್ಪಲಿಗೆ ಕರಿ ಮಣ್ಣು ಹತ್ತಿದ್ದರೆ ಯಳವತ್ತಿ, ಲಕ್ಷ್ಮೇಶ್ವರದ ಕಡೆ. ಕೆಂಪು ಮಣ್ಣಿದ್ದರೆ ಗುಡ್ಡದ ಸೆರಗು, ಮುಂಡರಗಿಯ ಕಡೆ. ಇಬ್ಬರ ಬುತ್ತಿ ಯಾಕೆ, ಉಣ್ಣುವ ಆ ಎರಡನೆಯವರು ಯಾರು ಎಂಬುದಕ್ಕೆ ಮಾತ್ರ ಯಾವ ಮಣ್ಣಿನಲ್ಲೂ ಉತ್ತರ ಸಿಗಲಿಲ್ಲ.

ಹೋದ ವರ್ಷದ ಒಂದು ಬೆಳಿಗ್ಗೆ. ಹಿಂದಿನ ದಿನವಷ್ಟೇ ಅವರಿಗೆ ತಲೆ ಸುತ್ತಿ ಬಂದಿತ್ತು. ಆದರೂ ಚೀಲ ಹಿಡಿದು ಹೊಸ್ತಿಲ ಆಚೆ ಒಂದು ಕಾಲಿಟ್ಟಿದ್ದರು. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಎಲ್ಲಿಗ್ರೀ ಮಾವಾರ?”

ಅವರು ನಿಂತರು. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಒಳಗೆ ಬಂದು ಚಪ್ಪಲಿ ಬಿಟ್ಟು, ನೀರು ಕುಡಿದು, “ಆತು ಬಿಡವಾ, ಇವತ್ತ ಇಲ್ಲೇ ಕುಂಡ್ರೂಣು” ಎಂದರು. ಮತ್ತೆ ಹೊರಡಲಿಲ್ಲ. ಮಧ್ಯಾಹ್ನ ಪಡಸಾಲೆಯಲ್ಲಿ ಬುತ್ತಿ ಬಿಚ್ಚಿ ನನ್ನನ್ನೂ ಕರೆದು ಕೂರಿಸಿ, ರೊಟ್ಟಿಯ ಮೇಲೆ ಖಾರದ ಶೇಂಗಾ ಹಿಂಡಿಪುಡಿ ಉದುರಿಸಿ ಕೈಗಿಟ್ಟು ಕೇಳಿದರು: “ನಿಮ್ಮೂರು ಯಾವ್ದವಾ?”

ನಾನು ಆ ಮನೆಯ ಸೊಸೆಯಾಗಿ ಇಪ್ಪತ್ತೆರಡು ವರ್ಷ! “ಹರ್ತಿ ರೀ” ಎಂದೆ. “ಮನಿ ಮುಂದ ಏನೈತಿ?” ಒಂದು ಬೇವಿನ ಗಿಡ, ಅದರ ಬುಡಕ್ಕೊಂದು ಕಲ್ಲು ಎಂದೆ. ತಲೆ ಕೆಟ್ಟವರ ಜೊತೆ ಮಾತಾಡುತ್ತಲೇ ಇರಬೇಕೆಂದು ಎಲ್ಲೋ ಕೇಳಿದ್ದೆ, ಮಾತು ಮುಂದುವರಿಸಿದೆ. ನಾನು ಏಳು ವರ್ಷದವಳಿದ್ದಾಗ ಅಪ್ಪ ಸಂತೆಗೆ ಹೋದವರು ಹೊತ್ತು ಮುಳುಗಿದರೂ ಬರಲಿಲ್ಲ, ಆ ಕಲ್ಲಿನ ಮೇಲೆ ಕೂತು ದಾರಿ ನೋಡಿದ್ದೆ, ಅಂದಿನಿಂದ ಯಾರು ಹೊಸ್ತಿಲು ದಾಟಿದರೂ ನನ್ನ ಕೈಕಾಲು ತಣ್ಣಗಾಗುತ್ತವೆ ಎಂದೆ. ಗಂಡನಿಗೂ ಹೇಳಿರದ ಮಾತು.

“ಬಂದ್ರಿಲ್ಲ ನಿಮ್ಮಪ್ಪ?”

“ಬಂದ್ರು ರೀ.”

“ಮತ್ತ?” ಎಂದು ಇನ್ನೊಂದು ರೊಟ್ಟಿ ಇಟ್ಟರು.

ನಾನು ಅಡುಗೆಮನೆಗೆ ಹೋಗಿ, ಮಾವನವರಿಗೆ ಮರೆವು ಶುರುವಾಗಿದೆ ಎಂದು ಗಂಡನಿಗೆ ಫೋನು ಮಾಡಿದೆ. ಮರುದಿನ ಅವರಿಗೆ ಜ್ವರ ಬಂತು. ಎಂಟನೆಯ ದಿನ ಹೋಗಿಬಿಟ್ಟರು.

ಆಮೇಲೆ ನನ್ನ ಚಿಂತೆಗೆಲ್ಲ ಒಂದೇ ರೂಪ. ಅವತ್ತು ಅವರು ಎಲ್ಲಿಗೆ ಹೊರಟಿದ್ದರು? ಯಾರು ಕಾಯುತ್ತಿದ್ದರು? ಎಂಬತ್ತಾರರ ಜೀವದ ಕೊನೆಯ ಪ್ರಯಾಣವನ್ನು ನಾನು ಕೆಡಿಸಿದೆನೇ? ಗಂಡ “ಹುಚ್ಚಿ, ಬಿಡು” ಎಂದರು. ಬಿಡುವುದು ನನ್ನ ಜಾತಕದಲ್ಲಿಲ್ಲ. ಪುರುಸೊತ್ತು ಸಿಕ್ಕಾಗಲೆಲ್ಲ ಅದೇ ಪಟ್ಟೆಚೀಲ ಹಿಡಿದು ಹೊರಟೆ. ಯಳವತ್ತಿ, ಲಕ್ಷ್ಮೇಶ್ವರ, ಮುಂಡರಗಿ ಎಲ್ಲ ಆಯಿತು. ಎಲ್ಲರಿಗೂ ಅವರು ಬೇಕಾದವರೇ, ಆದರೆ ಆ ದಿನ ಬರುತ್ತೇನೆ ಎಂದು ಯಾರಿಗೂ ಹೇಳಿರಲಿಲ್ಲ. ಕೊನೆಗೆ ಶಿರಹಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ, ಎಲೆ-ಅಡಿಕೆ ಮಾರುವ ಮುದುಕಿಯೊಬ್ಬಳು ಚೀಲ ನೋಡಿ ಕೂಗಿದಳು: “ಯವ್ವಾ, ಇದು ಆ ಯಜಮಾನರ ಚೀಲ ಅಲ್ಲೇನು? ಎಲ್ಲಿ ಅದಾರ?”

ಹೇಳಿದೆ. ಅವಳು ಕಟ್ಟೆಯ ಮೇಲೆ ಸರಿದು ನನಗೆ ಜಾಗ ಮಾಡಿದಳು. ಅವರು ಇಲ್ಲಿಗೆ ಯಾರನ್ನು ಕಾಣಲು ಬರುತ್ತಿದ್ದರು ಎಂದು ಕೇಳಿದೆ.

“ಯಾರನ್ನೂ ಇಲ್ಲವಾ. ಗದಗಿನಾಗ ಯಾವ ಬಸ್ಸು ಮುಂದ ನಿಂತಿರ್ತೈತಿ ಅದನ್ನ ಹತ್ತತೇನಿ ಅಂತಿದ್ರು. ಎಲ್ಲಿಗಂತ ಅವರಿಗೇ ಖಬರ ಇರತಿದ್ದಿಲ್ಲ. ಇಳದಲ್ಲೇ ಯಾರನರ ಕರದು ಬುತ್ತಿ ಬಿಚ್ಚೋರು. ನಿಮ್ಮೂರು ಯಾವ್ದು, ಮನಿ ಮುಂದ ಏನೈತಿ ಅಂತ ಕೇಳೋರು. ನನಗ ಹತ್ತು ಸರ್ತಿ ಕೇಳ್ಯಾರ. ಮರತೀರೇನ್ರಿ ಅಂದ್ರ, ‘ಇಲ್ಲವಾ, ಹಳೇ ಮಂದೀನ ಹೊಸದಾಗಿ ಕೇಳಿದ್ರ ಹೊಸಾ ಸುದ್ದಿ ಹೇಳ್ತಾರ’ ಅಂದ್ರು.”

ಕಟ್ಟೆಯ ಮೇಲೆ ಕೂತುಬಿಟ್ಟೆ. ಸೆರಗು ಬಾಯಿಗೊತ್ತಿಕೊಂಡರೂ ಅಳು ನಿಲ್ಲಲಿಲ್ಲ. ಅವರಿಗೆ ಮರೆವು ಇರಲಿಲ್ಲ. ಅವರ ಪ್ರಯಾಣ ಕೆಟ್ಟಿರಲಿಲ್ಲ. ಅವತ್ತು ಅವರು ಹೊಸ್ತಿಲಿಂದ ಪಡಸಾಲೆಯ ತನಕ ಬಂದು, ನನ್ನ ಊರಿನಲ್ಲಿ ಇಳಿದಿದ್ದರು. ಎರಡನೆಯವರ ಬುತ್ತಿ ಉಂಡವಳು ನಾನೇ.

ಹಾಗೆಂದು ನನ್ನ ಚಿಂತೆ ಹೋಯಿತೆಂದು ತಿಳಿಯಬೇಡಿ. ಅವತ್ತೇ ಮನೆಗೆ ಮರಳಿದಾಗ ಗಂಡ ಇನ್ನೂ ಬಂದಿರಲಿಲ್ಲ. ಎಂಟು ಸಲ ಬಾಗಿಲಿಗೆ ಹೋಗಿ ಬಂದೆ. ಅವರು ಬಂದ ಮೇಲೆ ‘ಯಾಕೆ ತಡ’ ಎನ್ನಬೇಕೆಂದಿದ್ದವಳು ನೀರು ಕೊಟ್ಟು, ಎದುರಿಗೆ ಕೂತು ಕೇಳಿದೆ: “ನಿಮ್ಮೂರು ಯಾವ್ದ್ರೀ?”

ಅವರು ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದರು. ನಾನು ಬಿಡಲಿಲ್ಲ. “ಯಳವತ್ತಿ” ಎಂದರು. ಮನೆ ಮುಂದೆ ಏನಿತ್ತು ಎಂದೆ. ಕಾಲು ಮಡಚಿ ಕೂತು, ತಮ್ಮಪ್ಪನ ಒಂದು ಸುದ್ದಿ ಹೇಳಲು ಶುರು ಮಾಡಿದರು. ನಾನು ಅದನ್ನು ಅಲ್ಲಿಯತನಕ ಕೇಳಿರಲಿಲ್ಲ.