ನಿಂತರೆ ಆರಿಹೋಗುತ್ತಿದ್ದ ಕಾರು

“ಗಾಡಿ ನಿಂದ್ರಸೋ ಯಪ್ಪಾ, ಎದುರಿಗಿ ಹೆಣ ಬರ್ಲಕತ್ತದ,” ಎಂದಳು ಹಿಂದಿನ ಸೀಟಿನಲ್ಲಿ ಎದೆ ಹಿಡಿದುಕೊಂಡು ಮಲಗಿದ್ದ ಅವ್ವ. ಭಾಲ್ಕಿಯಿಂದ ಬೀದರಿನ ಆಸ್ಪತ್ರೆಗೆ ಅವಳನ್ನು ಒಯ್ಯುತ್ತಿದ್ದೆ. ನಮ್ಮ ಕಡೆ ಹೆಣ ಎದುರಾದರೆ ಎಂಥವರೂ ಗಾಡಿ ನಿಲ್ಲಿಸಿ, ಇಳಿದು ಕೈ ಮುಗಿಯಬೇಕು. ಅವ್ವನ ಮಾತು ಮೀರಲಾರದೆ, ಈ ಸಲ ಎಂಜಿನ್ ಆರಲಿಕ್ಕಿಲ್ಲ ಎಂದುಕೊಂಡು ನಿಲ್ಲಿಸಿದೆ. ಎಂಜಿನ್ ಎರಡು ಸಲ ಕೆಮ್ಮಿ ಆರಿಹೋಯಿತು.

ತಪ್ಪು ನನ್ನದೇ. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು. ಅಪ್ಪನ ಹಳೇ ಕಾರು ಬಸ್ಸನ್ನೂ ಹಿಂದೆ ಹಾಕಬೇಕೆಂಬ ಹುಚ್ಚಿನಲ್ಲಿ, ಎಂಜಿನ್ನಿಗೆ ಪೆಟ್ರೋಲು ಉಣಿಸುವ ಕಾರ್ಬುರೇಟರ್ ಬದಲಿಸಿ, ಗುಜರಿಯಿಂದ ಮಿಲಿಟರಿ ಲಾರಿಯ ದೊಡ್ಡದನ್ನು ತಂದು ನಾನೇ ಕೂಡಿಸಿದ್ದೆ. ಖಾಲಿ ರಸ್ತೆಯಲ್ಲಿ ಕಾರು ಗಾಳಿಯಂತೆ ಓಡುತ್ತಿತ್ತು. ನಿಧಾನ ಮಾಡಿದರೆ ಸಾಕು, ಪೆಟ್ರೋಲು ಉಕ್ಕಿ ಬಂದ್ ಬೀಳುತ್ತಿತ್ತು.

ಕಾರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ಅಂಗೈ ಸುಲಿಯುವವರೆಗೆ ತಿರುಗಿಸಿದೆ. ಹೆಣದ ಹಿಂದೆ ನಡೆಯುತ್ತಿದ್ದವರಲ್ಲೇ ನಾಲ್ಕು ಮಂದಿ ಬಂದು ಕಾರು ನೂಕಿದರು. ಎಂಜಿನ್ ಹತ್ತಲಿಲ್ಲ. ಮತ್ತೆ ನೂಕಿದರು. ಅವರಲ್ಲೊಬ್ಬ ಮುದುಕ ಹಿಂದಿನ ಸೀಟಿನ ಕಿಟಕಿಯೊಳಗೆ ಬಗ್ಗಿ ನೋಡಿದವನು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಸಾಕ್ ಬಿಡ್ರಿ ಸಾಹೇಬ್ರ. ಇನ್ನ ಅವಸರಿಲ್ಲರಿ,” ಎಂದ.

ತಿಂಗಳೊಪ್ಪತ್ತಿನಲ್ಲಿ ಹಳೆಯ ಕಾರ್ಬುರೇಟರನ್ನೇ ಮರಳಿ ಹಾಕಿದೆ. ಅಂಗಳದಲ್ಲಿ ನಿಲ್ಲಿಸಿದರೂ ಎಂಜಿನ್ ಆರದೆ ಸಣ್ಣಗೆ ಮಿಡಿಯುತ್ತಲೇ ಇತ್ತು. ಆ ಸದ್ದು ನನ್ನಿಂದ ಕೇಳಲಾಗಲಿಲ್ಲ. ಕಾರನ್ನು ಔರಾದಿನವರೊಬ್ಬರಿಗೆ ಕೊಟ್ಟುಬಿಟ್ಟೆ.