ಟೈಲರ್ ಭಾವನ ಗಾಳಿಡಬ್ಬಿ

ನನ್ನ ಗಂಡನ ಅಣ್ಣ ಟೈಲರ್. ವಯಸ್ಸು ನಲವತ್ತೆಂಟು, ಮದುವೆಯಾಗಲಿಲ್ಲ. ಕುತ್ತಿಗೆಯಲ್ಲಿ ಟೇಪು, ಜೇಬಿನಲ್ಲಿ ಚಾಕ್ ತುಂಡು. ಮಾತು ಬೇಡವೆನಿಸಿದರೆ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಳ್ಳುತ್ತಾರೆ, ಆಮೇಲೆ ಯಾರು ಏನು ಕೇಳಿದರೂ ಬರೀ 'ಊಂ'. ಮೇಲಿನ ಮನೆ ನಮ್ಮದು, ಕೆಳಗಿನದು ಅವರದು. ರಸ್ತೆಯ ಕಡೆಗೆ ಅವರ ಅಂಗಡಿ, ಹಿಂದುಗಡೆ ಶೀಟು ಹೊದಿಸಿದ ಶೆಡ್ಡು.

ಶೆಡ್ಡಿನ ಮೇಲೆ ನನ್ನ ಕಣ್ಣು ಬಿದ್ದದ್ದು ನನ್ನ ನೈಲಾನ್ ಕಾಲುಚೀಲ ಒಂಟಿಯಾದ ದಿನ. ಅದೇ ವಾರ ಮಗುವಿಗೆ ಔಷಧಿ ಹಾಕುವ ಸಿರಿಂಜು ಕಾಣೆಯಾಯಿತು. ಕೂದಲು ಒಣಗಿಸುವ ಮೆಷಿನ್ನು ಮನೆಯಲ್ಲೇ ಇತ್ತು, ಆದರೆ ಎಂಜಿನ್ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಕೇಳಿದರೆ ಗಂಡ, "ಎಲ್ಲದಕ್ಕೂ ಅನುಮಾನ ನಿಂಗೆ. ಪೊಲೀಸ್ ಕೆಲಸಕ್ಕೆ ಸೇರ್ಕೋಬೇಕಿತ್ತು," ಎಂದು ನಕ್ಕುಬಿಟ್ಟರು. ಆ ನಗು ನನಗೆ ಸರಿಬರಲಿಲ್ಲ.

ಶೆಡ್ಡಿನಲ್ಲಿ ಇದ್ದದ್ದು ನನ್ನ ಗಂಡನ ಹಳೆಯ ಡರ್ಟ್ ಬೈಕು, ಕಲ್ಲುಮಣ್ಣಿನ ದಿಬ್ಬ ಹತ್ತಿಸುವಂಥದ್ದು. ಮೂರು ವರ್ಷದ ಹಿಂದೆ ಕಲ್ಲುಕ್ವಾರಿಯ ದಿಬ್ಬ ಹತ್ತಿಸಲು ಹೋಗಿ ಬಿದ್ದು, ಕೊರಳೆಲುಬು ಮುರಿದುಕೊಂಡು, ಎರಡು ತಿಂಗಳು ನನ್ನ ಕೈಯಲ್ಲೇ ಊಟ ಮಾಡಿದ್ದರು. ನಾನು ಬಸುರಿಯಾದಾಗ, ಇನ್ನು ಅದನ್ನು ಹತ್ತುವುದಿಲ್ಲವೆಂದು ಮಾತು ಕೊಟ್ಟರು. ಬೈಕು ಟಾರ್ಪಾಲಿನ ಕೆಳಗೆ ಹೋಯಿತು. ಈಗ ಮಗುವಿಗೆ ಹನ್ನೊಂದು ತಿಂಗಳು. ಟಾರ್ಪಾಲು ಮಡಿಸಿ ಮೂಲೆಯಲ್ಲಿತ್ತು.

ಮಗುವನ್ನು ಎತ್ತಿಕೊಂಡು ನೇರ ಒಳಗೆ ಹೋದೆ. ಭಾವ ಬೈಕಿನ ಸೀಟು ಕಳಚಿ ನೆಲದ ಮೇಲೆ ಕೂತಿದ್ದರು.

"ಭಾವ, ಅದು ನನ್ನ ಕಾಲುಚೀಲ ಅಲ್ವಾ?"

"ಹೌದಮ್ಮ. ಹರಿದಿತ್ತಲ್ಲ."

"ಹೆಬ್ಬೆರಳ ಹತ್ರ ಒಂಚೂರು."

"ಹರಿದದ್ದು ಹರಿದದ್ದೇ. ಟೈಲರ್ ಹತ್ರ ಬಟ್ಟೆ ವಾದ ಮಾಡ್ಬೇಡ."

ಆಮೇಲೆ ತಾವಾಗಿಯೇ ತೋರಿಸಿದರು. ಸೀಟಿನ ಕೆಳಗೆ ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ನನ್ನ ಮೆಷಿನ್ನಿನಲ್ಲಿ ಒಣಗಿಸಿ, ಮಗುವಿನ ಸಿರಿಂಜಿನಲ್ಲಿ ಎಣ್ಣೆ ಹನಿಸಿದ ಸ್ಪಂಜು, ಮೇಲೊಂದು ಮುಚ್ಚಳ. ಎಂಜಿನ್ನಿಗೆ ಗಾಳಿ ಹೋಗುವುದು ಇದರ ಮೂಲಕವೇ.

"ಇದು ಫೋರ್ ಸ್ಟ್ರೋಕ್ ನೋಡು. ಪಿಸ್ಟನ್ ಎರಡು ಸಲ ಮೇಲೆ, ಎರಡು ಸಲ ಕೆಳಗೆ ಓಡಾಡಿದ್ರೆ ಒಂದೇ ಸಲ ಗಾಳಿ ಎಳೆಯೋದು. ಆ ಒಂದು ಸಲ ಆದ್ರೂ ಹೊಟ್ಟೆ ತುಂಬ ಎಳೀಲಿ ಅಂತ. ಮುಚ್ಚಳದ ಮೂತಿ ನೋಡಿದ್ಯಾ, ನನ್ನ ಹೆಬ್ಬೆರಳೂ ಹೋಗಲ್ಲ. ಕಾಲರ್ ಬಿಗಿ."

ಅಸಲಿ ಮುಚ್ಚಳವನ್ನು ಅವರು ಮುಟ್ಟಿರಲಿಲ್ಲ. ಗುಜರಿಯಿಂದ ಇನ್ನೊಂದು ತಂದು, ಪೇಪರಿನಲ್ಲಿ ಅಚ್ಚು ತೆಗೆದು, ಚಾಕಿನಲ್ಲಿ ಗೆರೆ ಎಳೆದು, ಅಂಗೈಯಗಲ ಬಾಯಿ ಕತ್ತರಿಸಿದ್ದರು. ಧೂಳು ಬೀಳದಂತೆ ಆ ಬಾಯಿಗೆ ನನ್ನ ಕಾಲುಚೀಲ ಬಿಗಿದಿತ್ತು. ಭಾವನ ಕೆಲಸವೆಲ್ಲ ಹೀಗೆಯೇ, ಹಿಂದಕ್ಕೆ ಬರಲು ದಾರಿ ಇಟ್ಟುಕೊಂಡೇ ಮುಂದೆ ಹೋಗುವುದು. ಯಾರ ಬಟ್ಟೆ ಹೊಲಿದರೂ ಒಳಗೆ ಎರಡು ಬೆರಳು ಮಾರ್ಜಿನ್ ಬಿಡುತ್ತಾರೆ. ಹತ್ತು ವರ್ಷದ ಮೇಲೆ ದಪ್ಪಗಾಗಿ ಬಂದವರಿಗೂ ಅದೇ ಅಂಗಿಯನ್ನು ಬಿಚ್ಚಿ ಕೂರಿಸಿಕೊಡುತ್ತಾರೆ.

"ಗಾಳಿ ಜಾಸ್ತಿ ಆಯ್ತಲ್ಲ, ಅದಕ್ಕೆ ಸರಿಯಾಗಿ ಪೆಟ್ರೋಲೂ ಬೇಕು. ಕಾರ್ಬುರೇಟರ್‌ಗೆ ಪೆಟ್ರೋಲ್ ಬಿಡೋ ಜೆಟ್ ಒಂದು ಸೈಜು ದೊಡ್ಡದು ಹಾಕಿದೀನಿ. ಓಡಿಸಿ ಪ್ಲಗ್ ಬಿಚ್ಚಿ ನೋಡೋದು. ಬಿಸ್ಕತ್ ಬಣ್ಣ ಇದ್ರೆ ಅಳತೆ ಸರಿ. ಬೆಳ್ಳಗಾದ್ರೆ ಗಾಳಿ ಹೆಚ್ಚು, ಕಪ್ಪಾದ್ರೆ ಗಾಳಿ ಸಾಲ್ದು."

"ಯಾರು ಓಡಿಸೋದು, ಭಾವ?"

ಕೈ ಜೇಬಿಗೆ ಹೋಯಿತು, ಗುಂಡುಸೂಜಿ ಬಾಯಿಗೆ ಹೋಯಿತು. "ಊಂ," ಎಂದರು.

ನನಗೆ ಅಷ್ಟು ಸಾಕಾಗಿತ್ತು. ಶುಕ್ರವಾರ ಟ್ರಂಕು ತೆಗೆದು ನೋಡಿದೆ. ಗಂಡನ ರೈಡಿಂಗ್ ಜಾಕೆಟ್ ಇರಲಿಲ್ಲ. "ಅಣ್ಣಂಗೆ ಕೊಟ್ಟಿದೀನಿ, ಜಿಪ್ ಹೋಗಿತ್ತು," ಎಂದರು, ನನ್ನ ಮುಖ ನೋಡದೆ. ಮಾತು ಕೊಟ್ಟವರಿಗೆ ಜಿಪ್ ಯಾಕೆ ಬೇಕು?

ಶನಿವಾರ ಮಧ್ಯಾಹ್ನ ಭಾವ ಅಂಗಡಿಯಲ್ಲಿದ್ದಾಗ ಶೆಡ್ಡಿಗೆ ಇಳಿದೆ. ಮಗುವಿನ ತಲೆಗೆ ಬಿಗಿಯಾಗುತ್ತಿದ್ದ ಉಣ್ಣೆಯ ಕುಲಾವಿ ಕೈಯಲ್ಲಿತ್ತು. ಮುಚ್ಚಳದ ಕೊಂಡಿ ತೆಗೆದು, ಕಾಲುಚೀಲದ ಕೆಳಗೆ ಆ ಬಾಯಿಗೆ ಕುಲಾವಿ ತುರುಕಿ, ಮತ್ತೆ ಮುಚ್ಚಿ ಸೀಟು ಒತ್ತಿದೆ. ಬೈಕು ಸ್ಟಾರ್ಟೇ ಆಗದಿದ್ದರೆ ಸಾಕು, ಅಷ್ಟೇ ನನ್ನ ಲೆಕ್ಕ.

ಆದರೆ ಭಾನುವಾರ ಬೆಳಿಗ್ಗೆ ಅದು ಒಂದೇ ಒದೆತಕ್ಕೆ ಸ್ಟಾರ್ಟ್ ಆಯಿತು. ಮಗುವಿಗೆ ಸ್ನಾನ ಮಾಡಿಸುತ್ತಿದ್ದವಳಿಗೆ ಶಬ್ದ ಕೇಳಿತು. ಕಿಟಕಿಗೆ ಬರುವಷ್ಟರಲ್ಲಿ ಬೀದಿ ಖಾಲಿ. "ಒಂದು ಗಂಟೇಲಿ ಬರ್ತೀನಿ," ಎಂದು ಹೋಗಿದ್ದ ಗಂಡನೂ ಇಲ್ಲ. ಒದ್ದೆ ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಕ್ವಾರಿಯ ಕಡೆಗೆ ಓಡಿದೆ. ಆ ಕುಲಾವಿಯನ್ನು ಎಂಜಿನ್ ನುಂಗಿದರೆ? ನಡುದಿಬ್ಬದಲ್ಲಿ ನಿಂತರೆ? ತಡೆಯಲು ಹೋಗಿ ನಾನೇ ಬೀಳಿಸುತ್ತೇನಲ್ಲ!

ದೂರದಿಂದಲೇ ಕಂಡಿತು, ಹೆಲ್ಮೆಟ್ಟು, ಗಂಡನ ಕೆಂಪು ಜಾಕೆಟ್ಟು. ಬೈಕು ಅರ್ಧ ದಿಬ್ಬ ಹತ್ತಿತ್ತು. ಅಲ್ಲಿ ಜೋರು ಕೊಟ್ಟೊಡನೆ ಹಿಂದಿನಿಂದ ಕಪ್ಪು ಹೊಗೆ ಬಂತು, ಎಂಜಿನ್ ಎರಡು ಸಲ ಕೆಮ್ಮಿ ಆರಿತು. ಬೈಕು ಹಿಮ್ಮುಖವಾಗಿ ಜಾರಿ ಅಡ್ಡಬಿತ್ತು. ನಾನು ಕಿರುಚಿದೆ.

"ಏಯ್, ನೀನ್ಯಾಕೆ ಬಂದೆ ಇಲ್ಲಿಗೆ?"

ಪಕ್ಕದಲ್ಲಿ ನಿಂತಿದ್ದವರು ನನ್ನ ಗಂಡ, ಕೈಯಲ್ಲಿ ಟೀ ಫ್ಲಾಸ್ಕು ಹಿಡಿದುಕೊಂಡು. ಹೆಲ್ಮೆಟ್ ತೆಗೆದು ಜಲ್ಲಿಯ ಮೇಲೆ ಎದ್ದು ಕೂತವರು ಭಾವ.

"ಒಂದು ವರ್ಷದಿಂದ ಅಣ್ಣ ಕದ್ದುಮುಚ್ಚಿ ಬೈಕ್ ಕಲೀತಿದಾನೆ ಕಣೆ. ಈ ದಿಬ್ಬ ಒಂದು ಬಾಕಿ. ಈ ವಯಸ್ಸಲ್ಲಿ ಟೈಲರ್‌ಗೆ ಇದು ಬೇಕಿತ್ತಾ ಅಂತ ನಗ್ತಾರೆ, ಯಾರಿಗೂ ಹೇಳ್ಬೇಡ ಅಂದಿದ್ದ."

ಭಾವ ಎಡಗೈ ಮಣಿಕಟ್ಟು ಒತ್ತಿಕೊಂಡೇ ಪ್ಲಗ್ ಬಿಚ್ಚಿದರು. ಮಸಿ. ಸೀಟು ತೆಗೆದು ಮುಚ್ಚಳ ಎತ್ತಿದರು. ಕುಲಾವಿ ಅವರೇ ಹೊಲಿದದ್ದು, ತಮ್ಮ ಹೊಲಿಗೆ ತಮಗೆ ಗೊತ್ತಾಗದೆ ಇರುತ್ತದೆಯೇ? ಬರಿತಲೆಯ ಮಗುವನ್ನು ನೋಡಿದರು, ನನ್ನನ್ನು ನೋಡಿದರು. ಕುಲಾವಿ ಚಾಕಿನ ಜೇಬಿಗೆ ಇಳಿಯಿತು.

"ಏನಣ್ಣ ಆಯ್ತು?" ಗಂಡ ಕೂಗಿದರು.

"ಜೆಟ್ ದೊಡ್ಡದಾಯ್ತು ಕಣೋ. ನಂದೇ ತಪ್ಪು ಅಳತೆ."

ಸೋಮವಾರ ಭಾವ ನನ್ನನ್ನು ಅಂಗಡಿಗೆ ಕರೆದರು. ಮಣಿಕಟ್ಟಿಗೆ ಪಟ್ಟಿ ಕಟ್ಟಿತ್ತು. ಜಾಕೆಟ್ಟಿನ ಮೊಣಕೈ ಹರಿದಿತ್ತು.

"ತೋಳು ಬಿಚ್ಚಿ ಕೊಡಮ್ಮ, ಒಂದು ಕೈಲಿ ಆಗ್ತಿಲ್ಲ."

ಒಳಮಗ್ಗುಲು ತಿರುಗಿಸಿದೆ. ಭಾವನ ಸಣ್ಣ ಹೆಗಲಿಗೆ ಸರಿಯಾಗಿ ಜಾಕೆಟ್ ಕಿರಿದಾಗಿತ್ತು. ಮಿಕ್ಕ ಬಟ್ಟೆಯನ್ನು ಹೊಲಿಗೆಯ ಅಂಚಿಗೇ ಕತ್ತರಿಸಿಬಿಟ್ಟಿದ್ದರು.

"ಭಾವ, ಇದರಲ್ಲಿ ಮಾರ್ಜಿನ್ ಇಲ್ಲ."

"ಇಲ್ಲ."

"ಮತ್ತೆ ಇನ್ನು ಅವರಿಗೆ ಆಗಲ್ವಲ್ಲ."

"ಆಗ್ಬಾರ್ದು ಅಂತ ಅವನೇ ಪಕ್ಕದಲ್ಲಿ ನಿಂತು ಕತ್ತರಿಸು ಕತ್ತರಿಸು ಅಂದ. ನಂಗೇ ಕೈ ಬರ್ತಿರ್ಲಿಲ್ಲ."

ಕುಲಾವಿಯನ್ನು ಮೇಜಿನ ಮೇಲಿಟ್ಟರು. ಒಗೆದು, ಮಾರ್ಜಿನ್ ಬಿಚ್ಚಿ ದೊಡ್ಡದು ಮಾಡಿದ್ದರು. ಒಂದೇ ಕೈಯ ಕೆಲಸ, ಹೊಲಿಗೆ ಸ್ವಲ್ಪ ವಾರೆಯಾಗಿತ್ತು.

"ಭಾವ, ಅವತ್ತು ನಾನು..."

ಅವರು ಗುಂಡುಸೂಜಿ ಬಾಯಿಗಿಟ್ಟುಕೊಂಡರು. "ಊಂ," ಎಂದರು.

ನಾನು ಇನ್ನೊಂದು ತೋಳನ್ನೂ ತಿರುಗಿಸಿ ನೋಡಿದೆ. ಅಲ್ಲೂ ಮಾರ್ಜಿನ್ ಇರಲಿಲ್ಲ.